ಐದನೆಯ ತರಗತಿಯ ಮಗು ಯಾವ ಪರೀಕ್ಷೆ ಬರೆಯಬೇಕು?

ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಮಾಡುವ ನನ್ನನ್ನು ಜೂನ್ ತಿಂಗಳು ಬಂತೆಂದರೆ ಪಾಲಕರು ಕೇಳುವ ಪ್ರಶ್ನೆ ಒಂದೇ: ನವೋದಯ ಬರೆಸಬೇಕೋ, ಸೈನಿಕ ಶಾಲೆಯೋ, ಮೊರಾರ್ಜಿಯೋ? ಮೂರೂ ಪ್ರವೇಶ ಪರೀಕ್ಷೆ ನಡೆಸಿ ಆರನೆಯ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ವಸತಿ ಶಾಲೆಗಳು. ನಾನು ಬಾಯಿ ತೆರೆಯುವುದರೊಳಗೆ ‘ಮೂರೂ ಬರಸೂಣ್ರೀ ಸರ್, ಒಂದರ ಹತ್ತತೈತಿ’ ಎಂದು ಅವರೇ ತೀರ್ಮಾನಿಸಿಬಿಡುತ್ತಾರೆ. ಕಪ್ಪು ಮಣ್ಣಿನ ಎರಿ ಹೊಲಕ್ಕೂ ಕೆಂಪು ಮಣ್ಣಿನ ಮಸಾರಿ ಹೊಲಕ್ಕೂ ಒಂದೇ ಬೀಜ ಬಿತ್ತದವರು ಮಕ್ಕಳ ವಿಷಯದಲ್ಲಿ ಮಾತ್ರ ಹೀಗೇಕೆ ಮಾಡುತ್ತಾರೋ ತಿಳಿಯದು.

ಈ ಪರೀಕ್ಷೆಗಳು ಹೆಸರಿನಲ್ಲಷ್ಟೇ ಬೇರೆಯಲ್ಲ. ನವೋದಯದಲ್ಲಿ ಎರಡು ಗಂಟೆಗೆ 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವು. ಅವೆಲ್ಲ ಬರೀ ಚಿತ್ರಗಳು. ಗುಂಪಿಗೆ ಸೇರದ ಆಕೃತಿ, ಕನ್ನಡಿಯಲ್ಲಿ ಕಾಣುವ ಬಿಂಬ, ಕಾಗದ ಮಡಚಿ ತೂತು ಹಾಕಿ ಬಿಚ್ಚಿದಾಗ ಮೂಡುವ ವಿನ್ಯಾಸ. ಉಳಿದ 40ರಲ್ಲಿ ಅಂಕಗಣಿತಕ್ಕೆ 20, ಭಾಷೆಗೆ 20. ಸೈನಿಕ ಶಾಲೆಯ ಪ್ರಶ್ನೆಪತ್ರಿಕೆಯಲ್ಲಾದರೆ ಎರಡೂವರೆ ಗಂಟೆಗೆ 125 ಪ್ರಶ್ನೆ, 300 ಅಂಕ. ಗಣಿತವೊಂದಕ್ಕೇ 150 ಅಂಕ, ಮೇಲಾಗಿ ಸಾಮಾನ್ಯ ಜ್ಞಾನಕ್ಕೆ 50. ಲೆಕ್ಕ ಹಾಕಿದರೆ ನವೋದಯದಲ್ಲಿ ಪ್ರಶ್ನೆಗೆ 90 ಸೆಕೆಂಡು ಸಿಕ್ಕರೆ ಇಲ್ಲಿ ಸಿಗುವುದು 72. ಆರನೆಯ ತರಗತಿಯ ಪ್ರವೇಶಕ್ಕೆ ಎರಡನ್ನೂ ಕನ್ನಡದಲ್ಲಿ ಬರೆಯಬಹುದು, ಎರಡರಲ್ಲೂ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ; ಹೋಲಿಕೆ ಅಲ್ಲಿಗೆ ಮುಗಿಯಿತು. ಇನ್ನು ಮೊರಾರ್ಜಿ ಪರೀಕ್ಷೆ ನಮ್ಮ ರಾಜ್ಯದ ಪಠ್ಯಪುಸ್ತಕಗಳಿಗೇ ಹತ್ತಿರವಿರುವುದರಿಂದ, ತರಗತಿಯ ಪಾಠವನ್ನು ಸರಿಯಾಗಿ ಓದಿಕೊಂಡ ಮಗುವಿಗೆ ಅದಕ್ಕಾಗಿ ಬೇರೆ ಊರಿನ ತರಬೇತಿ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ.

ಕಳೆದ ವರ್ಷ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬ ಭಾಗಾಕಾರಕ್ಕೆ ಕುಳಿತರೆ ಬೆರಳು ಎಣಿಸುತ್ತಿದ್ದ. ಆದರೆ ಮಡಚಿದ ಕಾಗದದ ಚಿತ್ರ ತೋರಿಸಿದರೆ ನನಗಿಂತ ಮೊದಲೇ ಉತ್ತರ ಹೇಳುತ್ತಿದ್ದ. ಅವನ ತಂದೆಗೆ ಸಮವಸ್ತ್ರದ ಮೇಲೆ ಆಸೆ, ವಿಜಯಪುರದ ಸೈನಿಕ ಶಾಲೆಯ ಮೇಲೆ ಕಣ್ಣು. 1963ರಿಂದ ನಡೆದುಬಂದ ಆ ಶಾಲೆಯ ಬಗ್ಗೆ ನನಗೂ ಗೌರವವಿದೆ. ಆದರೆ ಶಾಲೆಯ ಹಿರಿಮೆಯಿಂದ ಮಗುವಿನ ಲೆಕ್ಕ ಚುರುಕಾಗುವುದಿಲ್ಲವಲ್ಲ. ವೈದ್ಯಕೀಯ ತಪಾಸಣೆ, ವರ್ಷಕ್ಕೆ ಲಕ್ಷ ದಾಟುವ ಶುಲ್ಕ, ಸಿಕ್ಕರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ ಎನ್ನುವಂಥ ವಿದ್ಯಾರ್ಥಿವೇತನ, ಇವನ್ನೆಲ್ಲ ಅವರೊಂದಿಗೆ ಕುಳಿತು ಮಾತಾಡಿದ ಮೇಲೆ ನವೋದಯವೊಂದನ್ನೇ ಹಿಡಿಯಲು ಒಪ್ಪಿದರು.

ಅದೇ ವರ್ಷ ಇನ್ನೊಂದು ಮನೆಯವರು ನನ್ನನ್ನು ಕೇಳದೆ ಮಾಡಿದ ತಪ್ಪು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ನವೋದಯದ ತರಬೇತಿಗೆಂದು ಮಗಳನ್ನು ನಾಲ್ಕನೆಯ ತರಗತಿಯ ನಡುವೆಯೇ ಟಿ.ಸಿ. ತೆಗೆದುಕೊಂಡು ಧಾರವಾಡ ನಗರದ ಶಾಲೆಗೆ ಸೇರಿಸಿ, ಹಾಸ್ಟೆಲಿನಲ್ಲಿ ಬಿಟ್ಟರು. ನವೋದಯದ ಕನಿಷ್ಠ ಶೇಕಡಾ 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಮೂರು, ನಾಲ್ಕು, ಐದನೆಯ ತರಗತಿಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗುವನ್ನು ನಗರದ ಅಭ್ಯರ್ಥಿಯೆಂದೇ ಪರಿಗಣಿಸುತ್ತಾರೆ. ಜೊತೆಗೆ ಐದನೆಯ ತರಗತಿಯನ್ನು ತಾನು ವಾಸವಿರುವ ಜಿಲ್ಲೆಯಲ್ಲೇ ಓದುತ್ತಿರಬೇಕು. ಹೀಗೆ ಯಾವ ಪರೀಕ್ಷೆಗಾಗಿ ಊರು ಬಿಡಿಸಿದರೋ ಆ ಪರೀಕ್ಷೆಯಲ್ಲೇ ಹಳ್ಳಿಯ ಆ ಹುಡುಗಿಗೆ ಗ್ರಾಮೀಣ ಮೀಸಲಾತಿ ತಪ್ಪಿತು. ತರಬೇತಿ ಕೇಂದ್ರದವರು ಈ ಮಾತನ್ನು ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ಒಂದು ಪ್ರವೇಶ ಕಡಿಮೆಯಾಗುತ್ತಿತ್ತು, ಅಷ್ಟೇ. ಇನ್ನೊಂದು ಅವಕಾಶವಿರಲಿ ಎಂದರೆ ಅದೂ ಇಲ್ಲ, ಏಕೆಂದರೆ ನವೋದಯದ ಈ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು.

ಆದ್ದರಿಂದ ಪಾಲಕರಿಗೆ ನಾನು ಈಗ ಹೇಳುವುದಿಷ್ಟು. ಅರ್ಜಿ ಹಾಕುವ ಮೊದಲು ನವೋದಯ, ಸೈನಿಕ ಶಾಲೆ ಎರಡೂ ಪರೀಕ್ಷೆಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು, ಎರಡು ಭಾನುವಾರ ಮನೆಯಲ್ಲೇ ಗಡಿಯಾರ ಇಟ್ಟು ಮಗುವಿನಿಂದ ಬರೆಯಿಸಿ ನೋಡಿರಿ. ಅಂಕಕ್ಕಿಂತ ಹೆಚ್ಚಾಗಿ, ಯಾವ ಪತ್ರಿಕೆಯನ್ನು ಮಗು ತಾನಾಗಿ ಮತ್ತೆ ಕೈಗೆ ತೆಗೆದುಕೊಳ್ಳುತ್ತದೆ ಎಂಬುದನ್ನು ಗಮನಿಸಿರಿ. ಟಿ.ಸಿ. ಕೇಳುವ ಮುನ್ನ ಒಮ್ಮೆ ಶಾಲೆಗೆ ಬಂದು ಮುಖ್ಯಗುರುಗಳೊಡನೆ ಕುಳಿತು ನಿಯಮಗಳನ್ನು ಓದಿಕೊಳ್ಳಿರಿ. ಅದಕ್ಕೆ ನಾವು ಶುಲ್ಕ ತೆಗೆದುಕೊಳ್ಳುವುದಿಲ್ಲ.