ಮರಳುಗಾಡಿನ ಕಥೆಗೆ ಮಲೆನಾಡಿನ ಬೂಷ್ಟು

ಶಿವಮೊಗ್ಗದಲ್ಲಿ ನಾವು ಐದಾರು ಮಂದಿ ತಿಂಗಳಿಗೊಂದು ಭಾನುವಾರ ಸೇರಿ, ಓದಿದ ಪುಸ್ತಕಗಳ ಕುರಿತು ಅಭಿಪ್ರಾಯ ಹಂಚಿಕೊಳ್ಳುತ್ತೇವೆ. ಹಂಚಿಕೊಳ್ಳುವುದು ಎಂಬುದು ಮರ್ಯಾದೆಯ ಮಾತು, ನಡೆಯುವುದು ಜಗಳ. ವಿಜ್ಞಾನ ಕಾದಂಬರಿಗಳ ಸರದಿ ಬಂದಾಗ ಫ್ರಾಂಕ್ ಹರ್ಬರ್ಟನ ‘ಡ್ಯೂನ್’ ನನ್ನ ಪಾಲಿಗೆ ಬಿತ್ತು. 1965ರಲ್ಲಿ ಹೊರಬಂದ ಈ ಕಾದಂಬರಿಯನ್ನು ಅದಕ್ಕೂ ಮೊದಲು ಸುಮಾರು 20 ಪ್ರಕಾಶಕರು ಹಿಂದಿರುಗಿಸಿದ್ದರೆಂದೂ, ಕೊನೆಗೆ ಕಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಸಂಸ್ಥೆಯೊಂದು ಅದನ್ನು ಅಚ್ಚು ಹಾಕಿತೆಂದೂ ತಿಳಿದ ಮೇಲೆ ನನಗೆ ಆ ಪುಸ್ತಕದ ಮೇಲೆ ವಿಶೇಷ ಮಮತೆ ಹುಟ್ಟಿತು. ನನ್ನ ಕವನಗಳನ್ನು ಹಿಂದಿರುಗಿಸಿದವರ ಲೆಕ್ಕ ಆಗಿನ್ನೂ ಎಂಟನ್ನು ದಾಟಿರಲಿಲ್ಲ.

ತಪ್ಪಾದದ್ದು ಓದಲು ಆರಿಸಿಕೊಂಡ ಕಾಲದಲ್ಲಿ. ಆಷಾಢದಲ್ಲಿ ರಜೆ ಹಾಕಿ ಸಾಗರದ ಕಡೆಯ ನಮ್ಮ ಹಳ್ಳಿಮನೆಗೆ ಹೋದವನು, ಹದಿಮೂರು ದಿನ ಬಿಡದೆ ಹೊಯ್ದ ಮಳೆಯಲ್ಲಿ ಜಗಲಿಯ ಮೇಲೆ ಕುಳಿತು, ಮಳೆಯನ್ನೇ ಕಾಣದ ಒಂದು ಗ್ರಹದ ಕಥೆಯನ್ನು ಬಿಚ್ಚಿದೆ. ಅರಾಕಿಸ್ ಎಂಬ ಆ ಗ್ರಹದ ಮರಳುಗಾಡಿನ ಜನ, ಬೆವರನ್ನೂ ಉಸಿರಿನ ತೇವವನ್ನೂ ಸೋಸಿ ಮತ್ತೆ ಕುಡಿಯಲು ಒದಗಿಸುವ ಉಡುಪೊಂದನ್ನು ತೊಡುತ್ತಾರೆ. ಅದನ್ನು ಸರಿಯಾಗಿ ತೊಟ್ಟವನ ಮೈಯಿಂದ ದಿನಕ್ಕೆ ನಷ್ಟವಾಗುವ ನೀರು, ದರ್ಜಿ ಬೆರಳಿಗೆ ಹಾಕಿಕೊಳ್ಳುವ ಟೋಪಿಯಲ್ಲಿ ಹಿಡಿಯುವಷ್ಟು ಮಾತ್ರ. ಇದನ್ನು ಓದುವಾಗ ನನ್ನ ಮೈಮೇಲೆ ಕಂಬಳಿ ಕೊಪ್ಪೆಯಿತ್ತು, ಕಾಲ ಬಳಿ ಹೆಂಚಿನ ಸೋರಿಕೆಗೆ ಇಟ್ಟ ಪಾತ್ರೆಯಿತ್ತು, ಆ ಪಾತ್ರೆಯನ್ನು ನಾನು ಗಂಟೆಗೊಮ್ಮೆ ಅಂಗಳಕ್ಕೆ ಚೆಲ್ಲುತ್ತಿದ್ದೆ.

ಎಂಟನೆಯ ದಿನ ಪುಸ್ತಕಕ್ಕೆ ಬೂಷ್ಟು ಹಿಡಿಯಿತು. ಮೊದಲು ರಟ್ಟಿನ ಮೇಲೆ ವಿಭೂತಿ ಬಳಿದಂತೆ ತೆಳ್ಳಗೆ, ಆಮೇಲೆ ಒಳಗಿನ ಹಾಳೆಗಳ ಅಂಚಿಗೆ ಹಸಿರು ಚುಕ್ಕಿಗಳಾಗಿ. ದೊಡ್ಡಮ್ಮ ಅದನ್ನು ನೋಡಿ ಏನೂ ಹೇಳದೆ ಒಯ್ದು, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಾಗೆಯ ಹುಳಿ ಸಿಪ್ಪೆ ಒಣಗಲು ಹಾಕಿದ್ದ ಪಕ್ಕದಲ್ಲಿ ಮಲಗಿಸಿದರು. ಮೂರು ದಿನಗಳ ನಂತರ ಅದು ಇಳಿದು ಬಂದಾಗ ಹಾಳೆಗಳು ಸುಟ್ಟ ಹಪ್ಪಳದಂತೆ ಮಡಚಿಕೊಂಡಿದ್ದವು, ಬೆನ್ನಿನ ಅಂಟು ಬಿಟ್ಟುಕೊಂಡಿತ್ತು, ಇಡೀ ಕಥೆಗೆ ಹೊಗೆಯ ಜೊತೆ ಒಂದು ಹುಳಿ ವಾಸನೆ ಸೇರಿತ್ತು. ಪುಟ ತಿರುಗಿಸಿದಾಗಲೆಲ್ಲ ಬಾಯಲ್ಲಿ ನೀರೂರುವ ಮರಳುಗಾಡಿನ ಕಾದಂಬರಿ ಜಗತ್ತಿನಲ್ಲಿ ಅದೊಂದೇ ಇದ್ದೀತು.

ಹೀಗಾಗಿ ಆಡಿಯೋಬುಕ್ಕಿಗೆ ಶರಣಾದೆ. ಈ ಸುದ್ದಿ ಶಿವಮೊಗ್ಗದ ಗೆಳೆಯರ ಕಿವಿಗೆ ಬಿದ್ದದ್ದೇ ತಡ, ಕೇಳಿದ್ದನ್ನು ಓದಿದ್ದೆಂದು ಲೆಕ್ಕ ಹಿಡಿಯಲಾಗದು ಎಂಬ ನಿರ್ಣಯ ಹೊರಬಿತ್ತು. ತುಂಗೆಯ ದಡದಲ್ಲಿ, ಪೇಟೆಯಿಂದ ನಾಲ್ಕು ಹೆಜ್ಜೆ ದೂರದ ಹೊಸಹಳ್ಳಿಯಲ್ಲಿ ಗಮಕಿಗಳು ಹಾಡಿದ ಕುಮಾರವ್ಯಾಸನನ್ನು ಕೇಳಿಯೇ ತಲೆಮಾರುಗಳು ಭಾರತವನ್ನು ಬಲ್ಲವರಾದವು. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಅಂಥ ಜಿಲ್ಲೆಯಲ್ಲಿ ಕುಳಿತು ಕೇಳ್ಮೆಯನ್ನು ಕೀಳೆನ್ನುತ್ತೀರಲ್ಲ ಎಂದು ನಾನು ಗುಡುಗಿದೆ. ‘ಗಮಕ ಕೇಳುವವರು ನಿದ್ದೆ ಮಾಡುತ್ತಿರಲಿಲ್ಲ’ ಎಂದು ಒಬ್ಬರು ತಣ್ಣಗೆ ಹೇಳಿದರು. ಅದು ಮರ್ಮಕ್ಕೆ ತಾಗಿತು. 21 ಗಂಟೆಗಳ ಆ ಧ್ವನಿಮುದ್ರಣದಲ್ಲಿ ಹೆಚ್ಚಿನ ಪಾಲನ್ನು ನಾನು ಗೊರಕೆಯ ಹಿಮ್ಮೇಳದೊಂದಿಗೆ ಕಳೆದಿದ್ದೆ. ಕಥಾನಾಯಕ ಮರಳುಗಾಡಿಗೆ ಕಾಲಿಡುವಾಗ ಕಣ್ಣು ಮುಚ್ಚಿದರೆ, ತೆರೆಯುವಾಗ ಅವನಿಗೆ ಮಗುವಾಗಿರುತ್ತಿತ್ತು.

ಅಭಿಪ್ರಾಯ ಎಂಬುದರ ನಿಜವಾದ ರುಚಿ ಸಿಕ್ಕಿದ್ದು ಅಡಿಕೆ ಸುಲಿಗೆಯ ಕಾಲಕ್ಕೆ ಮತ್ತೆ ಊರಿಗೆ ಹೋದಾಗ. ಚಪ್ಪರದಲ್ಲಿ ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು. ಅವರ ನಿದ್ದೆ ಕಳೆಯಲೆಂದು ಕಂಬಕ್ಕೆ ತೂಗುಹಾಕಿದ್ದ ಸ್ಪೀಕರಿನಿಂದ ಯಕ್ಷಗಾನ ಬರುತ್ತಿತ್ತು. ಆ ಸ್ಪೀಕರಿಗೆ ಹಿಂದೊಮ್ಮೆ ನನ್ನ ಮೊಬೈಲಿನ ಬ್ಲೂಟೂತ್ ಪರಿಚಯವಾಗಿತ್ತು ಎಂಬುದನ್ನು ನಾನು ಮರೆತಿದ್ದೆ, ಅದು ಮರೆತಿರಲಿಲ್ಲ. ಯಕ್ಷಗಾನ ಹಾಕಿದ್ದ ಹುಡುಗ ತನ್ನ ಮೊಬೈಲ್ ಎತ್ತಿಕೊಂಡು ಮನೆಗೆ ನಡೆದ. ಮಾಳಿಗೆಯಲ್ಲಿ ನಾನು ಆಡಿಯೋಬುಕ್ ಶುರುಮಾಡಿದೆ. ಕಿವಿಯಲ್ಲಿ ಏನೂ ಕೇಳುತ್ತಿಲ್ಲವೆಂದು ಧ್ವನಿಯನ್ನು ಏರಿಸುತ್ತಲೇ ಹೋದೆ. ಚಪ್ಪರದಲ್ಲಿ ಅರಾಕಿಸ್ ಗ್ರಹದ ಖಳನಾಯಕ ಇಂಗ್ಲಿಷಿನಲ್ಲಿ ಅಬ್ಬರಿಸಿದ. ನಾಯಿ ಬೊಗಳಿತು. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು.

ನಾನು ಓಡಿ ಬರುವಷ್ಟರಲ್ಲಿ ವಿಮರ್ಶೆ ಆರಂಭವಾಗಿತ್ತು. ‘ಒಡೇರೇ, ಇದಕ್ಕೆ ಭಾಗವತರಿಲ್ಲವಾ? ಬರೀ ಅರ್ಥವೇ ಆಯ್ತಲ್ಲ, ಪದ್ಯ ಯಾವಾಗ?’ ಎಂದು ತಂಡದ ಹಿರಿಯಾಕೆ ಕೇಳಿದಳು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಯನ್ನು ಬಲ್ಲ ಆಕೆಗೆ ಆಡಿಯೋಬುಕ್ ಎಂದರೇನೆಂದು ವಿವರಿಸುವ ಅಗತ್ಯವೇ ಬೀಳಲಿಲ್ಲ. ಆದರೆ ಕಥೆ ಕನ್ನಡದಲ್ಲಿ ಬೇಕೆಂಬ ಹಟ ಹಿಡಿದರು. ಅಂದಿನಿಂದ ನಾಲ್ಕು ರಾತ್ರಿ, ಸ್ವಲ್ಪ ಕೇಳಿಸಿ ಸ್ವಲ್ಪ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಿದ್ದೆ ಮಾಡುವ ಅವಕಾಶ ಅಲ್ಲಿರಲಿಲ್ಲ.

ಆ ಧ್ವನಿಮುದ್ರಣದಲ್ಲಿ ಒಂದು ವಿಚಿತ್ರವಿದೆ. ಕೆಲವು ಅಧ್ಯಾಯಗಳಲ್ಲಿ ಪಾತ್ರಕ್ಕೊಬ್ಬ ಕಲಾವಿದರಿದ್ದಾರೆ, ಉಳಿದವುಗಳಲ್ಲಿ ಒಬ್ಬರೇ ಎಲ್ಲರ ಮಾತನ್ನೂ ಓದುತ್ತಾರೆ. ಹಾಗಾಗಿ ನಿನ್ನೆ ಗುಡುಗಿದವನು ಇಂದು ಪಿಸುಗುಟ್ಟುತ್ತಾನೆ. ಶಿವಮೊಗ್ಗದ ಗೆಳೆಯರಿಗೆ ಇದು ಕ್ಷಮಿಸಲಾಗದ ದೋಷವಾಗಿ ಕಂಡಿತ್ತು. ಚಪ್ಪರದಲ್ಲಿ ಅದೊಂದು ಚರ್ಚೆಯೇ ಆಗಲಿಲ್ಲ. ‘ಸಂಜೆಯ ಕೃಷ್ಣನೇ ಬೆಳಗಿನ ಜಾವದವರೆಗೆ ಕುಣಿಯುತ್ತಾನಾ? ಮಧ್ಯರಾತ್ರಿ ಮೇಲೆ ಮೇಳದವರು ಬೇರೆಯವರನ್ನು ಕಳಿಸುವುದಿಲ್ಲವಾ?’ ಎಂದು ಒಬ್ಬಾಕೆ ಅಡಿಕೆಯಿಂದ ಕಣ್ಣೆತ್ತದೆ ತೀರ್ಪು ಕೊಟ್ಟಳು.

ಕಥೆಯ ರಾಜಕೀಯವನ್ನು ವಿವರಿಸಲು ನಾನು ಬಹಳ ಸಿದ್ಧತೆ ಮಾಡಿಕೊಂಡಿದ್ದೆ. ಇಡೀ ಬ್ರಹ್ಮಾಂಡದಲ್ಲಿ ಆ ಒಂದೇ ಗ್ರಹದಲ್ಲಿ ಸಿಗುವ ಮಸಾಲೆ, ಅದಿಲ್ಲದಿದ್ದರೆ ನಕ್ಷತ್ರಗಳ ನಡುವಿನ ಪ್ರಯಾಣವೇ ನಿಂತುಹೋಗುವುದು, ಅದಕ್ಕಾಗಿ ಚಕ್ರವರ್ತಿಯೂ ಮನೆತನಗಳೂ ಹೂಡುವ ಸಂಚು, ಇವುಗಳ ಮೇಲೆ ಗೆಳೆಯರ ಬಳಗದಲ್ಲಿ ಒಂದೂವರೆ ಗಂಟೆ ಉಪನ್ಯಾಸವಾಗಿತ್ತು. ಹಿರಿಯಾಕೆ ಅಷ್ಟು ಹೊತ್ತು ಕಾಯಲಿಲ್ಲ. ‘ಅಂದರೆ ಮಾಲು ಅಲ್ಲಿನವರದ್ದು, ದರ ಮಂಡಿಯವರದ್ದು’ ಎಂದಳು. ಆಮೇಲೆ ಆ ಮಸಾಲೆಯಲ್ಲಿಯೂ ಅಡಿಕೆಯಂತೆ ರಾಶಿ, ಬೆಟ್ಟೆ, ಗೊರಬಲು ಎಂಬ ಭೇದವುಂಟೇ ಎಂದು ವಿಚಾರಿಸಿದಳು. ಹರ್ಬರ್ಟ್ ಇದನ್ನು ಎಲ್ಲಿಯೂ ಸ್ಪಷ್ಟಪಡಿಸಿಲ್ಲ. ಅದು ಕಾದಂಬರಿಯ ಕೊರತೆಯೆಂದೇ ಈಗ ನನಗೂ ಅನ್ನಿಸುತ್ತದೆ.

ದೊಡ್ಡಮ್ಮನಿಗೆ ಮಾತ್ರ ಕಥೆ ಹಿಡಿಸಲಿಲ್ಲ. ಬೆಟ್ಟದಷ್ಟು ದೊಡ್ಡ ಹುಳು ಮರಳಿನಡಿ ಹರಿದು ಬರುವುದನ್ನು ಅವರು ಸಲೀಸಾಗಿ ನಂಬಿದರು. ಆದರೆ ಬಚ್ಚಲ ಹಂಡೆಯಿಲ್ಲದ ಮನೆಯನ್ನು ನಂಬಲು ಅವರಿಂದ ಆಗಲಿಲ್ಲ. ‘ಮಾಣಿ, ಆ ಊರಿಗೆ ಹೆಣ್ಣು ಕೊಟ್ಟವರು ಯಾರು?’ ಎಂದು ಐವತ್ತು ದಾಟಿದ ನನ್ನನ್ನು ಗದರಿಸಿ ಕೇಳಿದರು.

ಕೊನೆಯ ರಾತ್ರಿ ನಾನು ಒಂದು ತಪ್ಪು ಮಾಡಿದೆ. ಆ ಮರಳುಗಾಡಿನ ನಾಯಕನೊಬ್ಬ ದೊಡ್ಡ ಮನೆತನದ ಸಭೆಗೆ ಬಂದು ಮೇಜಿನ ಮೇಲೆ ಉಗುಳುವ ಪ್ರಸಂಗವನ್ನು ರಸವತ್ತಾಗಿ ಹೇಳಿದೆ. ಸಭೆಯವರು ಸಿಟ್ಟಿಗೆದ್ದಾಗ, ನೀರೇ ಸಂಪತ್ತಾದ ಆ ನಾಡಿನಲ್ಲಿ ತನ್ನ ಮೈಯ ನೀರನ್ನು ಕೊಡುವುದು ಗೌರವದ ಗುರುತೆಂದು ಬಲ್ಲವನೊಬ್ಬ ಬಿಡಿಸಿ ಹೇಳಿ, ತಾನೂ ಉಗುಳಿ ಆ ಗೌರವವನ್ನು ಹಿಂದಿರುಗಿಸುತ್ತಾನೆ. ಚಪ್ಪರದಲ್ಲಿ ಕತ್ತಿಗಳು ಒಂದು ಕ್ಷಣ ನಿಂತವು. ಹಿರಿಯಾಕೆಯ ಬಾಯಲ್ಲಿ ಸಂಜೆಯಿಂದ ಹದಗೊಂಡ ಎಲೆಯಡಿಕೆಯ ಕವಳವಿತ್ತು. ಆಕೆ ಎದ್ದು, ಸೆರಗು ಸರಿಪಡಿಸಿಕೊಂಡು, ಅಂಗಳದಂಚಿನವರೆಗೆ ಹೋಗುವ ಎಂದಿನ ಪದ್ಧತಿಯನ್ನು ಬಿಟ್ಟು, ನನ್ನ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು ತುಂಬು ಮನಸ್ಸಿನಿಂದ ಗೌರವ ಸಲ್ಲಿಸಿದಳು.

ಗುರಿ ಸ್ವಲ್ಪ ತಪ್ಪಿತು. ನನ್ನ ಬಿಳಿ ಪಂಚೆಯ ಆ ಕೆಂಪು ಕಲೆಗೆ ದೊಡ್ಡಮ್ಮ ಮರುದಿನ ಬೆಳಿಗ್ಗೆ ಗೊಣಗುತ್ತ ನಾಲ್ಕು ಕೊಡ ನೀರು ಸುರಿದರು, ಅದು ಹೋಗಲಿಲ್ಲ.