ಕಾಯುವ ಹುಡುಗ

2023ರ ಜೂನ್ 27ರ ರಾತ್ರಿ ನಾನು ಮತ್ತು ನನ್ನ ಮಗ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದ್ದೆವು. ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿಯಾದ ಸ್ಯಾಫ್ ಚಾಂಪಿಯನ್‌ಷಿಪ್, ಭಾರತ ಮತ್ತು ಕುವೈತ್. ಮೊದಲಾರ್ಧದ ಕೊನೆಯಲ್ಲಿ ಸುನಿಲ್ ಛೆಟ್ರಿ ಹೊಡೆದ ಗೋಲು ನಮ್ಮನ್ನು ಗೆಲುವಿನ ಬಾಗಿಲಿಗೆ ತಂದು ನಿಲ್ಲಿಸಿತ್ತು. ತೊಂಬತ್ತು ನಿಮಿಷ ಮುಗಿದು, ರೆಫರಿ ಕೊಟ್ಟ ಹೆಚ್ಚಿನ ನಿಮಿಷಗಳು ಓಡುತ್ತಿದ್ದವು. ಗೋಲಿನ ಮುಂದೆ ಹಾದುಬಂದ ಚೆಂಡನ್ನು ಹೊರಗಟ್ಟಲು ನಮ್ಮ ಡಿಫೆಂಡರ್ ಅನ್ವರ್ ಅಲಿ ಕಾಲು ಚಾಚಿದ. ಚೆಂಡು ಕಾಲಿಗೆ ಸರಿಯಾಗಿ ಸಿಗದೆ ನಮ್ಮದೇ ಬಲೆ ಸೇರಿತು. 1–1.

"ಇವನನ್ನು ಯಾರು ತಂಡಕ್ಕೆ ತೆಗೆದುಕೊಂಡರು?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ತಿರುಗಿ ಉತ್ತರ ಕೊಡಬೇಕೆನಿಸಿತು, ಗಂಟಲು ಕಟ್ಟಿತು. ಆವತ್ತು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಅದಕ್ಕೂ ಮೊದಲು ಭಾರತ ಆಡಿದ್ದ ಎಂಟು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಗೋಲು ಸಿಕ್ಕಿರಲಿಲ್ಲ. ಆ ಎಂಟು ಪಂದ್ಯಗಳ ಲೆಕ್ಕ ಯಾರ ಬಾಯಲ್ಲೂ ಇರಲಿಲ್ಲ. ಡಿಫೆಂಡರ್‌ನ ಹಣೆಬರಹವೇ ಅದು. ತಡೆದದ್ದು ಕಣ್ಣಿಗೆ ಕಾಣುವುದಿಲ್ಲ, ತಪ್ಪಿದ್ದು ಮಾತ್ರ ಮರುದಿನದ ಪತ್ರಿಕೆಯಲ್ಲಿ ಇರುತ್ತದೆ. ನನ್ನ ಮಗನೂ ಶಾಲೆಯ ತಂಡದಲ್ಲಿ ಸ್ಟಾಪರ್. ಅದಕ್ಕೇ ಈ ಸಂಗತಿ ನನಗೆ ಇಷ್ಟು ತಾಗುತ್ತದೆ.

ಅನ್ವರ್ ಹುಟ್ಟಿದ್ದು 2000ದಲ್ಲಿ, ಪಂಜಾಬಿನ ಆದಂಪುರದಲ್ಲಿ. ಮಿನರ್ವಾ ಅಕಾಡೆಮಿಯಲ್ಲಿ ಬೆಳೆದ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ರಕ್ಷಣಾ ಸಾಲಿನಲ್ಲಿ ನಿಂತವನು ಅವನೇ. ಅಮೆರಿಕ, ಕೊಲಂಬಿಯಾ, ಘಾನಾ, ಮೂರಕ್ಕೆ ಮೂರೂ ಸೋಲು. ಮರುವರ್ಷ ಸ್ಪೇನ್‌ನ ಕೋಟಿಫ್ ಟೂರ್ನಿಯಲ್ಲಿ ನಮ್ಮ 20 ವರ್ಷದೊಳಗಿನ ತಂಡ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿತು. ಕೆಂಪು ಕಾರ್ಡ್‌ನಿಂದಾಗಿ ನಮ್ಮವರು ಹತ್ತೇ ಮಂದಿ ಉಳಿದಿದ್ದರು. ಅಂಥ ಹೊತ್ತಿನಲ್ಲಿ ಫ್ರೀಕಿಕ್‌ನಿಂದ ಗೆಲುವಿನ ಗೋಲು ಹೊಡೆದವನು ಈ ಡಿಫೆಂಡರ್! ಆ ದಿನ ಅರ್ಜೆಂಟೀನಾ ಹುಡುಗರಿಗೆ ಕೋಚ್ ಆಗಿದ್ದವರು ಲಿಯೊನೆಲ್ ಸ್ಕಲೋನಿ. ನಾಲ್ಕು ವರ್ಷಗಳ ನಂತರ ಮೆಸ್ಸಿಯ ತಂಡಕ್ಕೆ ವಿಶ್ವಕಪ್ ಗೆಲ್ಲಿಸಿಕೊಟ್ಟ ಅದೇ ಸ್ಕಲೋನಿ.

2019ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನ ಎದೆಯೊಳಗಿನ ಸಂಗತಿ ಪರೀಕ್ಷೆಯಲ್ಲಿ ಹೊರಬಿತ್ತು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ, ವೈದ್ಯರ ಮಾತಿನಲ್ಲಿ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಎಷ್ಟೋ ಮಂದಿ ಇದನ್ನಿಟ್ಟುಕೊಂಡೇ ಬದುಕು ಪೂರೈಸುತ್ತಾರೆ. ಆದರೆ ಆಟದ ನಡುವೆಯೇ ಕುಸಿದು ಸಾಯುವ ಎಳೆಯ ಆಟಗಾರರಲ್ಲಿ ಪದೇ ಪದೇ ಕಾಣುವ ಕಾರಣಗಳಲ್ಲಿ ಇದೂ ಒಂದು. ರಾಷ್ಟ್ರೀಯ ತಂಡದ ಬಾಗಿಲಲ್ಲಿ ನಿಂತಿದ್ದ ಹುಡುಗ ಮನೆಗೆ ಮರಳಿದ.

ದೇಶದ ಫುಟ್‌ಬಾಲ್ ನಡೆಸುವ ಒಕ್ಕೂಟವಾದ ಎಐಎಫ್‌ಎಫ್‌ಗೆ ಭಯವಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬೆಂಗಳೂರಿನವರಾದ ನಾವಂತೂ ಹೇಳಲಾರೆವು. 2004ರ ಡಿಸೆಂಬರ್ 5ರಂದು ಇದೇ ಕಂಠೀರವದಲ್ಲಿ, ಫೆಡರೇಷನ್ ಕಪ್ ಫೈನಲ್‌ನಲ್ಲಿ, ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡನೆಯ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು. ಮತ್ತೆ ಏಳಲಿಲ್ಲ. ಆ ಹುಲ್ಲಿನ ಮೇಲೆ ಇನ್ನೊಬ್ಬ ಹುಡುಗ ಹಾಗೆ ಬೀಳುವುದನ್ನು ನೋಡುವ ಎದೆ ಯಾರಿಗೂ ಇಲ್ಲ.

ನನ್ನ ತಕರಾರು ಭಯದ ಬಗ್ಗೆ ಅಲ್ಲ, ಕಾಯಿಸಿದ ರೀತಿಯ ಬಗ್ಗೆ. 2020ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಅವನನ್ನು ಸೇರಿಸಿಕೊಂಡಾಗ, ವೈದ್ಯಕೀಯ ಸಮಿತಿಯ ತೀರ್ಮಾನ ಬರುವವರೆಗೆ ಅಭ್ಯಾಸಕ್ಕೂ ಇಳಿಸಬೇಡಿ ಎಂದು ಎಐಎಫ್‌ಎಫ್‌ನಿಂದ ಪತ್ರ ಬಂತು. ಕಾಯಿಲೆ ಗೊತ್ತಾಗಿ ಆಗಲೇ ವರ್ಷ ಕಳೆದಿತ್ತು. ಹುಡುಗ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಒಂದು ವಾರ ಚೆಂಡು ಮುಟ್ಟದಿದ್ದರೆ ನನ್ನ ಮಗನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಬೇಡ ಎನ್ನುವುದಾದರೆ ಬೇಗ ಹೇಳಬೇಕು, ಕಾರಣ ಹೇಳಬೇಕು. ಆಟ ಬಿಟ್ಟ ಮೇಲೆ ಆ ಹುಡುಗ ಹೊಟ್ಟೆಗೇನು ಮಾಡಬೇಕು ಎಂಬುದಕ್ಕೂ ಒಂದು ದಾರಿ ತೋರಿಸಬೇಕು. ಹೂಂ ಎನ್ನುವುದಾದರೆ ಮೈದಾನದ ಅಂಚಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಅದನ್ನು ಬಳಸಲು ಬಲ್ಲವರು, ಆಂಬುಲೆನ್ಸ್ ಇರಬೇಕು. ಎರಡೂ ಇಲ್ಲದೆ ಹತ್ತೊಂಬತ್ತರ ಹುಡುಗನನ್ನು ನಡುವೆ ತೂಗುಹಾಕುವುದು ಎಚ್ಚರಿಕೆ ಅಲ್ಲ, ಹೊಣೆಯಿಂದ ನುಣುಚಿಕೊಳ್ಳುವುದು.

2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಕರ್ನಾಟಕದ ಮನೆಮನೆಗೂ ಹೃದಯದ ಭಯ ಹೊಕ್ಕಿತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದಿದ್ದರು. ನಾನೂ ಮಗನನ್ನು ಮನೆಯ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಆಗ ಅವನಿಗೆ ಹನ್ನೆರಡು. ಅಂಗಿ ಬಿಚ್ಚಿ ಮಲಗಿದ್ದ. ಎಣಿಸಬಹುದಾದಂಥ ಪಕ್ಕೆಲುಬು, ಮೊಣಕಾಲಿನಲ್ಲಿ ಹಿಂದಿನ ದಿನದ ತರಚುಗಾಯ. ನರ್ಸ್ ಎದೆಗೆ ತಣ್ಣನೆಯ ಜೆಲ್ ಹಚ್ಚಿದಾಗ ಹೊಟ್ಟೆ ಒಳಗೆಳೆದುಕೊಂಡ. ಕಾಗದ ಸುರುಳಿಯಾಗಿ ಹೊರಬರುತ್ತಿದ್ದಾಗ ಕೇಳಿದ, "ಅಮ್ಮಾ, ಏನಾದರೂ ಇದ್ದರೆ ನಾನು ಆಡುವ ಹಾಗಿಲ್ಲವಾ?"

ನನ್ನಲ್ಲಿ ಉತ್ತರ ಇರಲಿಲ್ಲ. ವರದಿ ಚೆನ್ನಾಗಿಯೇ ಬಂತು. ಆದರೂ ಆ ಪ್ರಶ್ನೆ ಇನ್ನೂ ನನ್ನ ಜೊತೆಗಿದೆ. ಅನ್ವರ್‌ನ ತಾಯಿಗೆ ಎಷ್ಟು ರಾತ್ರಿ ಈ ಪ್ರಶ್ನೆ ನಿದ್ದೆ ಕೊಡಲಿಲ್ಲವೋ ಎಂದು ಯೋಚಿಸುತ್ತೇನೆ. ಅವಳ ಜಾಗದಲ್ಲಿ ನಾನಿದ್ದರೆ ಆಡು ಎನ್ನುತ್ತಿದ್ದೆನೇ? ಇಲ್ಲ, ಕಾಲು ಹಿಡಿದಾದರೂ ನಿಲ್ಲಿಸುತ್ತಿದ್ದೆ. ಆದರೆ ಪ್ರಾಣ ಅವನದು. ವಯಸ್ಸಿಗೆ ಬಂದವನು ಎಲ್ಲ ವೈದ್ಯರ ಮಾತನ್ನೂ ಕೇಳಿಸಿಕೊಂಡು, ತಿಳಿದೂ ತಿಳಿದೂ ಆಡುತ್ತೇನೆ ಎಂದರೆ, ಕೊನೆಯ ಮಾತು ಅವನದೇ ಆಗಬೇಕು ಎಂದು ಈಗ ನಂಬುತ್ತೇನೆ.

2021ರಲ್ಲಿ ಅನ್ವರ್‌ಗೆ ಆಡಲು ಅನುಮತಿ ಸಿಕ್ಕಿತು. ಕೈಬಿಡದೆ ಜೊತೆಗಿದ್ದ ಮಿನರ್ವಾದ ರಂಜಿತ್ ಬಜಾಜ್ ಅವರ ಡೆಲ್ಲಿ ಎಫ್‌ಸಿಗೆ ಡುರಾಂಡ್ ಕಪ್ ಆಡಿದ, ಅಲ್ಲಿಂದ ಎಫ್‌ಸಿ ಗೋವಾಕ್ಕೆ ಹೋದ. 2022ರ ಮಾರ್ಚ್‌ನಲ್ಲಿ ಬಹರೈನ್ ವಿರುದ್ಧ ಭಾರತದ ಅಂಗಿ ತೊಟ್ಟ. ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಹಾಂಗ್‌ಕಾಂಗ್ ವಿರುದ್ಧ ಎರಡನೆಯ ನಿಮಿಷದಲ್ಲೇ ಗೋಲು ಹೊಡೆದ.

ಕೂಗಿದವರೇ, ಆ ರಾತ್ರಿ ನೀವು ಬೈದದ್ದು ಈ ಹುಡುಗನನ್ನು.

ಜುಲೈ 1ರಂದು ಮತ್ತೆ ಕಂಠೀರವಕ್ಕೆ ಹೋದೆವು. ಲೆಬನಾನ್ ವಿರುದ್ಧ ಸೆಮಿಫೈನಲ್, ಗೋಲಿಲ್ಲದೆ ಪೆನಾಲ್ಟಿಗೆ ಹೋಯಿತು. ಮೊದಲು ಛೆಟ್ರಿ ಹೊಡೆದರು. ಆಮೇಲೆ ಮಧ್ಯದ ಗೆರೆಯಿಂದ ಒಬ್ಬನೇ ನಡೆದು ಬಂದವನು ಅನ್ವರ್. ನಾಲ್ಕು ದಿನಗಳ ಹಿಂದೆ ಸ್ವಂತ ಬಲೆಗೆ ಚೆಂಡು ಕಳಿಸಿದ್ದವನು. ಮಗ ನನ್ನ ಮುಂಗೈ ಹಿಡಿದುಕೊಂಡ, ಉಗುರು ನಾಟುವಷ್ಟು ಬಿಗಿಯಾಗಿ. ಚೆಂಡು ಬಲೆ ಸೇರಿದಾಗ ಅವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಇಳಿ ಎನ್ನಲು ನನಗೆ ಮನಸ್ಸಾಗಲಿಲ್ಲ.