4 ಲಕ್ಷ ಜನ ಬೇಕಾದರೆ 16 ಲಕ್ಷ ಜನ

ದೊಡ್ಡ ದೊಡ್ಡ ಕಟ್ಟಡ ಕಟ್ಟೋ ಎಲ್ ಅಂಡ್ ಟಿ (ಲಾರ್ಸೆನ್ ಅಂಡ್ ಟೂಬ್ರೊ) ಕಂಪನಿಯ ಅಧ್ಯಕ್ಷರು ವಾರಕ್ಕೆ 90 ಗಂಟೆ, ಭಾನುವಾರವೂ ಕೆಲಸ ಮಾಡಬೇಕು ಅಂದದ್ದರ ಮೀಮ್ ಮತ್ತೆ ಓಡಾಡ್ತಿದೆ. ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಅದೇ. ನಗುವವರು ನಗಲಿ, ತಕರಾರಿಲ್ಲ. "ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ" ಅನ್ನೋ ಮಾತು ನಗೆಪಾಟಲಿಗೆ ಲಾಯಕ್ಕೇ. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಅದು ಸುದ್ದಿಯಾದದ್ದು 2025ರ ಜನವರಿಯಲ್ಲಿ. ಮುಂದಿನ ತಿಂಗಳೇ ಅದೇ ಎಸ್.ಎನ್. ಸುಬ್ರಹ್ಮಣ್ಯನ್ ಚೆನ್ನೈನಲ್ಲಿ ಉದ್ಯಮಿಗಳ ಒಕ್ಕೂಟ ಸಿಐಐ ಸಭೆಯಲ್ಲಿ ಇನ್ನೊಂದು ಮಾತು ಹೇಳಿದರು: ನಮಗೆ 4 ಲಕ್ಷ ಕಾರ್ಮಿಕರು ಬೇಕು, ಬಿಟ್ಟು ಹೋಗೋರು ಎಷ್ಟು ಅಂದರೆ ವರ್ಷಕ್ಕೆ 16 ಲಕ್ಷ ಜನರನ್ನು ಸೇರಿಸಿಕೊಳ್ಳಬೇಕಾಗುತ್ತೆ. ಸರ್ಕಾರದ ಯೋಜನೆಗಳ ದುಡ್ಡು ಸಿಗೋದರಿಂದ ಜನ ಊರು ಬಿಟ್ಟು ಬರೋಕೆ ಒಪ್ಪಲ್ಲ ಅಂತ ಕಾರಣವನ್ನೂ ಕೊಟ್ಟರು. ಇದಕ್ಕೆ ಅಷ್ಟು ಮೀಮ್ ಬರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂರೋರ ಭಾನುವಾರಕ್ಕೆ ಕೈ ಹಾಕಿದರೆ ದೇಶ ಎದ್ದು ಕೂರುತ್ತೆ. ಸೆಂಟ್ರಿಂಗ್ ಹೊಡೆಯೋನ ಲೆಕ್ಕ ಯಾರಿಗೆ ಬೇಕು?

ಲೆಕ್ಕವನ್ನೇ ನೋಡಿ. ಊರು ಬಿಟ್ಟು ಬರಲು ಒಪ್ಪದ ಜನ 16 ಲಕ್ಷ ಸಲ ಗೇಟಿಗೆ ಬಂದು ಹೆಸರು ಬರೆಸಿದ್ದು ಹೇಗೆ? ಬರ್ತಿದ್ದಾರೆ ಸ್ವಾಮಿ, ಬರ್ತಾನೇ ಇದ್ದಾರೆ. ರಾಯಚೂರು, ಯಾದಗಿರಿಯಿಂದ ಗುಳೆ ಹೊರಟ ಬಸ್ಸು ನೋಡಿದವರಿಗೆ, ಬೆಂಗಳೂರಿನ ಸೈಟುಗಳಲ್ಲಿ ಒಡಿಯಾ, ಬಂಗಾಳಿ, ಭೋಜ್‌ಪುರಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂದವರು ನಿಲ್ತಾ ಇಲ್ಲ. ಬರದಿರೋದು ಬೇರೆ, ಬಂದು ನಿಲ್ಲದಿರೋದು ಬೇರೆ.

ಈ ಕಂಪನಿ ಮೇಲೆ ನನಗೆ ದ್ವೇಷ ಇಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಮೆಚ್ಚುಗೆ ಇದೆ. ಹೆನ್ನಿಂಗ್ ಹೋಲ್ಕ್-ಲಾರ್ಸೆನ್, ಸೋರೆನ್ ಟೂಬ್ರೊ ಅನ್ನೋ ಇಬ್ಬರು ಡೇನಿಶ್ ಎಂಜಿನಿಯರುಗಳು ಸಿಮೆಂಟ್ ಕಾರ್ಖಾನೆಯ ಯಂತ್ರಗಳ ಕೆಲಸಕ್ಕೆ ಅಂತ ಬಂದವರು. 1938ರಲ್ಲಿ ಬೊಂಬಾಯಿಯಲ್ಲಿ ಪಾಲುದಾರಿಕೆ ಶುರು ಮಾಡಿದರು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಹಿಡಿದುಕೊಂಡಿತು, ಅಲ್ಲಿಂದ ಮಾಲು ಬರೋದು ನಿಂತಿತು. ತರಿಸಿ ಮಾರೋ ವ್ಯಾಪಾರ ಬಿಟ್ಟು ಇಲ್ಲೇ ಮಾಡೋಕೆ, ಹಡಗು ರಿಪೇರಿಗೆ ಇಳಿದರು. ಕಟ್ಟಡದ ಕೆಲಸಕ್ಕೆ ಅಂತ ಇಸಿಸಿ ಅನ್ನೋ ಅಂಗಸಂಸ್ಥೆ ಹುಟ್ಟಿದ್ದು 1944ರಲ್ಲಿ. ದೆಹಲಿಯ ಕಮಲ ಮಂದಿರ ಕಟ್ಟಿದ್ದು ಅದೇ ಇಸಿಸಿ. ಆ ದಳಗಳ ಎರಡು ಕಡೆ ಬಾಗಿದ ಶಟರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ. ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್ ಇವರದೇ ಕೆಲಸ.

ಅದೇ ಕಂಪನಿಯ ಗುಜರಾತಿನ ಹಜೀರಾ ಕಾರ್ಖಾನೆ ನೋಡಿ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಫ್ಯೂಷನ್ ರಿಯಾಕ್ಟರಿನ ಕ್ರಯೋಸ್ಟಾಟ್, ಅಂದರೆ ಇಡೀ ಯಂತ್ರವನ್ನು ಒಳಗಿಟ್ಟುಕೊಳ್ಳೋ ಉಕ್ಕಿನ ಗೂಡು, ಸುಮಾರು 29 ಮೀಟರ್ ಅಗಲ, ಅಷ್ಟೇ ಎತ್ತರ, 3,800 ಟನ್ ತೂಕ. ಅದರ ಭಾಗಗಳು ತಯಾರಾಗಿ ಹೋದದ್ದು ಹಜೀರಾದಿಂದ. ಅಂಥ ಕೆಲಸದಲ್ಲಿ ವೆಲ್ಡರ್ ಮೊದಲು ಪರೀಕ್ಷೆ ಪಾಸಾಗಬೇಕು. ಮಟ್ಟಸ ಪ್ಲೇಟಿಗೆ ಒಂದು ಪರೀಕ್ಷೆ, ನೆಟ್ಟಗೆ ನಿಂತದ್ದಕ್ಕೆ ಇನ್ನೊಂದು, ತಲೆ ಮೇಲಿನದ್ದಕ್ಕೆ ಮತ್ತೊಂದು. ಯಾವ ಬೆಸುಗೆ ಯಾರು ಹಾಕಿದ್ದು ಅಂತ ಗುರುತು ಇರುತ್ತೆ. ಬೆಸುಗೆಯ ಎಕ್ಸ್‌ರೇ, ಅಲ್ಟ್ರಾಸೋನಿಕ್ ತಪಾಸಣೆ ಆಮೇಲೆ. ಈ ವೆಲ್ಡರ್‌ನನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಿ ನೋಡೋಣ!

ಕಾಂಕ್ರೀಟ್ ಸೈಟಲ್ಲಿ ವೈಬ್ರೇಟರ್, ಅಂದರೆ ಹಸಿ ಕಾಂಕ್ರೀಟನ್ನು ಅದುರಿಸಿ ಗಾಳಿ ಹೊರಡಿಸೋ ಯಂತ್ರ, ಹಿಡಿಯೋನಿಗೆ ಯಾವ ಪರೀಕ್ಷೆ? ಯಾವುದೂ ಇಲ್ಲ. ಎಷ್ಟೋ ಸೈಟುಗಳಲ್ಲಿ ನಿನ್ನೆ ರೈಲು ಇಳಿದವನ ಕೈಗೇ ಅದು ಹೋಗೋದು. ಅದರ ನೀಡಲ್ (ಅದುರೋ ಕೋಲು) ನೇರ ಇಳಿಸಬೇಕು, ಕೆಳಗಿನ ಪದರದೊಳಕ್ಕೆ 100ರಿಂದ 150 ಮಿಮೀ ಹೋಗಬೇಕು, ಗಾಳಿಗುಳ್ಳೆ ಬರೋದು ನಿಂತ ಮೇಲೆ ನಿಧಾನಕ್ಕೆ ಎಳೀಬೇಕು. 60 ಮಿಮೀ ದಪ್ಪದ ನೀಡಲ್ ಆದರೆ ಸುಮಾರು ಒಂದೂವರೆ ಅಡಿಗೊಮ್ಮೆ ಇಳಿಸಬೇಕು. ಹೊಸಬ ಮಾಡೋದು ಏನು? ಒಂದೇ ಕಡೆ ಚುಚ್ಚಿ ಕಾಂಕ್ರೀಟನ್ನು ಆಚೆಗೆ ತಳ್ತಾನೆ. ಸಿಮೆಂಟ್ ಹಾಲು ಒಂದು ಕಡೆ ಹರಿದು ಜಲ್ಲಿ ಇನ್ನೊಂದು ಕಡೆ ಉಳೀತು. ಶಟರ್ ಬಿಚ್ಚಿದಾಗ ಹನಿಕೋಂಬ್, ಅಂದರೆ ಜೇನುಗೂಡಿನಂಥ ತೂತು; ಮಾರನೇ ದಿನ ಗ್ರೌಟ್ (ತೆಳು ಸಿಮೆಂಟ್) ಬಕೆಟ್ ಹಿಡಿದು ತೇಪೆ.

ಕವರ್ ಬ್ಲಾಕ್ ಅಂದರೆ ಕಬ್ಬಿಣ ಅಚ್ಚಿಗೆ ತಾಗದಂತೆ, ಅದರ ಸುತ್ತ ಕಾಂಕ್ರೀಟಿನ ಹೊದಿಕೆ (ಕವರ್) ಉಳಿಯೋಕೆ ಇಡೋ ಸಣ್ಣ ತುಂಡು. ಅದರ ಕಥೆ ಇನ್ನೂ ಸಣ್ಣದು, ಇನ್ನೂ ಕೆಟ್ಟದ್ದು. ಕಬ್ಬಿಣ ಬಗ್ಗಿಸಿ ಕಟ್ಟೋ ಬಾರ್ ಬೆಂಡಿಂಗ್ ಗ್ಯಾಂಗಿಗೆ ದುಡ್ಡು ಟನ್ ಲೆಕ್ಕ, ಶಟರಿಂಗಿಗೆ ಚದರ ಮೀಟರ್, ಕಾಂಕ್ರೀಟಿಗೆ ಘನ ಮೀಟರ್. ಕಬ್ಬಿಣದ ಅಡಿಗೆ ಕವರ್ ಬ್ಲಾಕ್ ಕಟ್ಟೋದು ಯಾರ ರೇಟಿನಲ್ಲಿ ಬರುತ್ತೆ? ಹೆಸರಿಗೆ ಬಾರ್ ಬೆಂಡರಂದು. ಅದಕ್ಕೆ ಹೊತ್ತು ಕಳೆದರೆ ಅವನ ಟನ್ ಇಳಿಯುತ್ತೆ. ಕಾಂಕ್ರೀಟ್ ಹಾಕೋರು ಅದರ ಮೇಲೇ ಓಡಾಡ್ತಾರೆ, ಬ್ಲಾಕ್ ಹಾರಿಹೋಗುತ್ತೆ, 25 ಮಿಮೀ ಇರಬೇಕಾದ ಕವರ್ 5 ಮಿಮೀ ಆಗುತ್ತೆ. ಕೆಲ ವರ್ಷಕ್ಕೆ ಕಬ್ಬಿಣ ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ ಸ್ಲ್ಯಾಬಿನ ಅಡಿ ಕಿತ್ತು ಬೀಳುತ್ತೆ. ಆಗ ನಾವು "ಸಿಮೆಂಟ್ ಕಳ್ತನ" ಅಂತ ಬೈತೀವಿ. ಎಷ್ಟೋ ಕಡೆ ಸಿಮೆಂಟ್ ಸರಿಯಾಗೇ ಇರುತ್ತೆ.

ಇನ್ನು ನೀರು. ಕಾಂಕ್ರೀಟ್ ತರೋ ಟ್ರಾನ್ಸಿಟ್ ಮಿಕ್ಸರ್ ಲಾರಿ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಮಾಲು ಗಟ್ಟಿಯಾಗಿದೆ, ಪಂಪ್ ಎಳೀತಿಲ್ಲ. ಪಳಗಿದವನಾದರೆ ಕ್ಯೂಸಿ (ಗುಣಮಟ್ಟ ನೋಡೋ) ಎಂಜಿನಿಯರನ್ನು ಕರೆದು ಮಾಲು ಸಡಿಲ ಮಾಡೋ ಅಡ್‌ಮಿಕ್ಸ್ಚರ್ ರಾಸಾಯನಿಕ ಹಾಕಿಸ್ತಾನೆ. ಹೊಸ ಗ್ಯಾಂಗು ಪೈಪಿನಿಂದ ನೀರು ಬಿಡುತ್ತೆ. 6 ಘನ ಮೀಟರ್ ಲೋಡಿಗೆ 100 ಲೀಟರ್ ಬಿಟ್ಟರೆ, ಘನ ಮೀಟರಿಗೆ 380 ಕೆಜಿ ಸಿಮೆಂಟ್, 160 ಲೀಟರ್ ನೀರು ಇರೋ ಮಿಕ್ಸಿನಲ್ಲಿ ನೀರು-ಸಿಮೆಂಟ್ ಅನುಪಾತ 0.42ರಿಂದ 0.46 ದಾಟುತ್ತೆ. ಅಷ್ಟರ ಮಟ್ಟಿಗೆ ಬಲ ಕಳೀತು. ಬಲ ಪರೀಕ್ಷೆಗೆ ಅಂತ ಹಾಕೋ ಕಾಂಕ್ರೀಟ್ ಕ್ಯೂಬನ್ನು ನೀರು ಬಿಡೋಕೆ ಮೊದಲೇ ತುಂಬಿರ್ತಾರೆ, ಅದು 28ನೇ ದಿನ ಚೆನ್ನಾಗೇ ಪಾಸಾಗುತ್ತೆ. ಪಾಸಾಗಿದ್ದು ಲಾರಿ, ಸ್ಲ್ಯಾಬ್ ಅಲ್ಲ.

"ಟ್ರೇನಿಂಗ್ ಕೊಡ್ತಾರಲ್ಲ" ಅಂತ ಯಾರಾದರೂ ಕೇಳಬಹುದು. ಕೊಡ್ತಾರೆ. ಎಲ್ ಅಂಡ್ ಟಿಯದ್ದೇ ನಿರ್ಮಾಣ ಕೌಶಲ ತರಬೇತಿ ಕೇಂದ್ರಗಳಿವೆ; ಬಾರ್ ಬೆಂಡಿಂಗ್, ಫಾರ್ಮ್‌ವರ್ಕ್ ಕಾರ್ಪೆಂಟ್ರಿ ಕಲಿಸ್ತಾರೆ, ಒಳ್ಳೆಯ ಕೆಲಸವೇ. ಆದರೆ ವರ್ಷಕ್ಕೆ ನಾಲ್ಕು ಸಲ ಖಾಲಿಯಾಗೋ ತೊಟ್ಟಿಗೆ ನಲ್ಲಿ ದೊಡ್ಡದು ಮಾಡಿ ಏನು ಪ್ರಯೋಜನ? ಕಲಿತವನು ಪೀಸ್ ರೇಟ್ (ಮಾಡಿದ ಕೆಲಸದ ಅಳತೆಗೆ ಕೂಲಿ) ಗ್ಯಾಂಗಿಗೇ ಸೇರಬೇಕು, ಮೇಸ್ತ್ರಿ ಕೊಟ್ಟಷ್ಟು ತಗೋಬೇಕು ಅಂದರೆ ಅವನು ಗಲ್ಫಿನ ವೀಸಾ ನೋಡ್ತಾನೆ. ನೋಡಲಿ, ಬುದ್ಧಿವಂತ.

ಗಂಟೆ ಲೆಕ್ಕಕ್ಕೆ ಬಂದರೆ, ಸೈಟಿನ ಗಂಟೆ ತೀರ್ಮಾನ ಮಾಡೋದು ಅಧ್ಯಕ್ಷರಲ್ಲ, ಕಾಂಕ್ರೀಟು. ನೆಲದಾಳಕ್ಕೆ ಇಳಿಯೋ ಅಡಿಪಾಯದ ಕಂಬ, ಅಂದರೆ ಪೈಲ್ ಹಾಕುವಾಗ ಕಾಂಕ್ರೀಟ್ ಇಳಿಸೋ ಟ್ರೆಮಿ ಪೈಪಿನ ತುದಿ ಕಾಂಕ್ರೀಟೊಳಗೆ ಮುಳುಗಿಯೇ ಇರಬೇಕು. ಊಟಕ್ಕೆ ಅಂತ ನಿಲ್ಲಿಸಿದರೆ ಒಳಗಿನ ಮಾಲು ಗಟ್ಟಿಯಾಗಿ ಪೈಪ್ ಕಚ್ಚಿಕೊಳ್ಳುತ್ತೆ. ಅವಸರಕ್ಕೆ ಜಾಸ್ತಿ ಎತ್ತಿದರೆ ಕೆಸರು ನುಗ್ಗಿ ಪೈಲ್ ಅಲ್ಲೇ ತುಂಡು. ಆದ್ದರಿಂದ ರಾತ್ರಿ ಕೆಲಸ ತಪ್ಪಿದ್ದಲ್ಲ, ಒಪ್ಪಿದೆ. ಅದಕ್ಕೇ 1996ರ ಕಟ್ಟಡ ಕಾರ್ಮಿಕರ ಕಾಯ್ದೆ (2025ರ ಕೊನೆಗೆ ಅದರ ಜಾಗಕ್ಕೆ ಹೊಸ ಸಂಹಿತೆ ಬಂತು) ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಅಂದಿದ್ದು. ಪೀಸ್ ರೇಟಿನಲ್ಲಿ ಓವರ್‌ಟೈಮ್ ಅನ್ನೋದು ಮೇಸ್ತ್ರಿಯ ಡೈರಿಯೊಳಗೆ ಮಾಯ ಆಗುತ್ತೆ.

ಟೆಂಡರಿನಲ್ಲಿ ಸಿಮೆಂಟಿನ ಬ್ರ್ಯಾಂಡ್ ಬರೀತಾರೆ, ಕಬ್ಬಿಣದ ಗ್ರೇಡ್ ಬರೀತಾರೆ, ಕಾಂಕ್ರೀಟ್ ಕಲಸೋ ಬ್ಯಾಚಿಂಗ್ ಪ್ಲಾಂಟಿನ ಸಾಮರ್ಥ್ಯ ಬರೀತಾರೆ. ಜೊತೆಗೆ ಇನ್ನೊಂದೆರಡು ಸಾಲು ಬರೆಯಲಿ: ವೈಬ್ರೇಟರ್, ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸೋದು), ಕವರ್ ಬ್ಲಾಕ್ ಕೆಲಸದವರು ದಿನಗೂಲಿ ಮೇಲೆ ಮುಖ್ಯ ಗುತ್ತಿಗೆದಾರರ ಪಟ್ಟಿಯಲ್ಲೇ ಇರಬೇಕು, ಕೂಲಿ ನೇರ ಅವರ ಖಾತೆಗೇ ಹೋಗಬೇಕು. ಬಿತ್ತನೆಗೋ ಬಿಹಾರದ ಕಡೆಯ ಛಠ್ ಹಬ್ಬಕ್ಕೋ ಊರಿಗೆ ಹೋಗಿ ತಿರುಗಿ ಬಂದರೆ ಹಳೇ ನಂಬರಿನಲ್ಲೇ, ಹಳೇ ಕೂಲಿಗೇ ತಗೋಬೇಕು. ಇದರ ಖರ್ಚು ಎಷ್ಟಾಗುತ್ತೆ ಅಂತ ಲೆಕ್ಕ ಹಾಕೋರು, 12 ಲಕ್ಷ ಜನರನ್ನು ಪ್ರತಿ ವರ್ಷ ಹೊಸದಾಗಿ ಹುಡುಕಿ, ಹೆಲ್ಮೆಟ್ ಕೊಟ್ಟು, ಸೇಫ್ಟಿ ಪಾಠ ಹೇಳಿ ಕಳಕೊಳ್ಳೋ ಖರ್ಚನ್ನೂ ಪಕ್ಕದಲ್ಲೇ ಬರೀಲಿ.